ಸೋರುವ ಕೊಳವೆಗೆ ಒಡೆಯರಾರು?

ಕಳೆದ ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ನನ್ನ ಮೊಬೈಲಿಗೆ ಒಂದು ಛಾಯಾಚಿತ್ರ ಬಂದಿತು. ಸ್ನಾನಗೃಹದ ಛಾವಣಿಯ ಮೂಲೆಯಲ್ಲಿ ಊಟದ ತಟ್ಟೆಯಷ್ಟು ಅಗಲದ ಕಂದು ಕಲೆ, ಅದರ ಹೊರ ಅಂಚಿನಲ್ಲಿ ತಿಳಿ ಬಣ್ಣದ ಮತ್ತೊಂದು ಉಂಗುರ. ಇಪ್ಪತ್ತೈದು ವರ್ಷಗಳಿಂದ ಎದೆಯ ಎಕ್ಸ್‌-ರೇ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡುತ್ತ ಬಂದವನಿಗೆ ಒಂದರ ಸುತ್ತ ಒಂದು ಉಂಗುರವಿದ್ದರೆ ಅದರ ಅರ್ಥ ಹೊಳೆಯದೆ ಇರದು. ಇದು ನಿನ್ನೆ ಮೊನ್ನೆಯ ನೀರಲ್ಲ. ಒಮ್ಮೆ ಒಸರಿ, ಒಣಗಿ, ಮತ್ತೆ ಒಸರಿದ ನೀರು.

ಚಿತ್ರ ಕಳುಹಿಸಿದವರು ಬರ್ಮಿಂಗ್‌ಹ್ಯಾಮಿನ ಹೊರವಲಯದಲ್ಲಿರುವ ನನ್ನ ಫ್ಲ್ಯಾಟಿನ ಬಾಡಿಗೆದಾರರು. ಕೇರಳದಿಂದ ಬಂದ ದಂಪತಿ, ಇಬ್ಬರೂ ದಾದಿಯರು, ಮನೆಯಲ್ಲಿ ಹದಿನಾಲ್ಕು ತಿಂಗಳ ಮಗು. ಚಿತ್ರದ ಕೆಳಗೆ ಎರಡು ಸಾಲು: ಗೋಡೆಯಲ್ಲಿ ಕಪ್ಪು ಚುಕ್ಕೆಗಳೂ ಕಾಣಿಸಿಕೊಳ್ಳುತ್ತಿವೆ, ಮಗುವಿಗೆ ಕೆಮ್ಮು ಹಿಡಿದಿದೆ, ಇವೆರಡಕ್ಕೂ ಸಂಬಂಧವಿದೆಯೋ ಇಲ್ಲವೋ ತಿಳಿಯದು ಎಂದು. ನಾನು ಬರೆದ ಉತ್ತರವನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. "ಸ್ನಾನವಾದ ಮೇಲೆ ಕಿಟಕಿ ತೆರೆದಿಡಿ, ಫ್ಯಾನ್ ಹಾಕಿ, ಒಂದು ವಾರ ನೋಡೋಣ" ಎಂದು ಬರೆದಿದ್ದೆ. ಇದೇ ಮಾತನ್ನು ಮನೆ ಮಾಲೀಕರಿಂದ ಕೇಳಿಸಿಕೊಂಡು ಬಂದ ಎಷ್ಟೋ ರೋಗಿಗಳನ್ನು ನನ್ನ ಶ್ವಾಸಕೋಶ ಚಿಕಿತ್ಸಾಲಯದಲ್ಲಿ ಕಂಡಿದ್ದೇನೆ. ಅವರ ಪರವಾಗಿ ನಗರಸಭೆಗೆ ಪತ್ರಗಳನ್ನೂ ಬರೆದಿದ್ದೇನೆ. ಪತ್ರ ಬರೆದ ಕೈಯೇ ಆ ಸಂದೇಶವನ್ನೂ ಟೈಪಿಸಿತ್ತು.

ಇದು ಕೇವಲ ನನ್ನೊಬ್ಬನ ಮನೆವಾರ್ತೆಯಾಗಿದ್ದರೆ ಅಂಕಣಕ್ಕೆ ತರುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಗಳ ಕಾನೂನು ಹಲವು ದಶಕಗಳಲ್ಲಿ ಕಾಣದಷ್ಟು ಬದಲಾಗುತ್ತಿರುವ ವರ್ಷವಿದು. 2025ರ ಅಕ್ಟೋಬರ್ 27ರಂದು ರಾಜಮುದ್ರೆ ಪಡೆದ ಬಾಡಿಗೆದಾರರ ಹಕ್ಕುಗಳ ಕಾಯಿದೆಯ ಮುಖ್ಯ ಭಾಗ ಇದೇ 2026ರ ಮೇ 1ರಂದು ಜಾರಿಗೆ ಬರಲಿದೆ. ಕಾರಣ ಹೇಳದೆ ಬಾಡಿಗೆದಾರರನ್ನು ಹೊರಹಾಕುವ, 'ಸೆಕ್ಷನ್ 21' ಎಂದು ಹೆಸರಾದ ಅವಕಾಶ ಅಂದಿಗೆ ಕೊನೆಯಾಗುತ್ತದೆ. ಇತ್ತ ಜನವರಿಯ ಕೊನೆಯಲ್ಲಿ ಸರ್ಕಾರ ಲೀಸ್‌ಹೋಲ್ಡ್ ಸುಧಾರಣೆಯ ಕರಡು ಮಸೂದೆಯನ್ನು ಪ್ರಕಟಿಸಿದೆ. ಒಂದು ಕಾನೂನು ಬಾಡಿಗೆದಾರರಿಗಾಗಿ, ಇನ್ನೊಂದು ಫ್ಲ್ಯಾಟ್ ಕೊಂಡವರಿಗಾಗಿ. ಎರಡೂ ಬೇಕಾದವೇ. ಆದರೆ ಎರಡರ ನಡುವೆ ಒಂದು ಕೊಳವೆ ಸೋರುತ್ತಿದೆ, ಅದರ ಕಡೆ ಯಾರೂ ನೋಡುತ್ತಿಲ್ಲ ಎಂಬುದು ಈ ಚಳಿಗಾಲದಲ್ಲಿ ನಾನು ಕಲಿತ ಪಾಠ.

ಮೊದಲಿಗೆ 'ಲೀಸ್' ಎಂಬ ಪದದ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ ಲೀಸ್ ಅಥವಾ ಭೋಗ್ಯವೆಂದರೆ ಇಡಿಗಂಟು ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸಿ, ಗಂಟನ್ನು ಮರಳಿ ಪಡೆಯುವ ವ್ಯವಹಾರ. ಇಂಗ್ಲೆಂಡಿನ ಲೀಸ್‌ಹೋಲ್ಡ್ ಬೇರೆಯೇ ಪ್ರಾಣಿ. ಇಲ್ಲಿ ಫ್ಲ್ಯಾಟನ್ನು ಪೂರ್ತಿ ಬೆಲೆ ತೆತ್ತು, ಇಪ್ಪತ್ತೈದು ವರ್ಷದ ಸಾಲ ಹೊತ್ತು ಕೊಂಡರೂ, ಕೈಗೆ ಬರುವುದು 99 ಅಥವಾ 125 ಅಥವಾ 999 ವರ್ಷಗಳ ಕಾಲ ಅದನ್ನು ಅನುಭವಿಸುವ ಹಕ್ಕು ಮಾತ್ರ. ನೆಲ, ಹೊರಗೋಡೆ, ಸೂರು, ಮೆಟ್ಟಿಲು, ಎಲ್ಲ ಮನೆಗಳಿಗೂ ನೀರೊಯ್ಯುವ ಮುಖ್ಯ ಕೊಳವೆಗಳು 'ಫ್ರೀಹೋಲ್ಡರ್' ಎಂಬ ಮೂಲ ಒಡೆಯನ ಬಳಿಯೇ ಉಳಿಯುತ್ತವೆ. ಆತನಿಗೆ ನಾವು ನೆಲಬಾಡಿಗೆ ತೆರಬೇಕು. ಆತ ನೇಮಿಸಿದ ಮ್ಯಾನೇಜಿಂಗ್ ಏಜೆಂಟರಿಗೆ ಸರ್ವಿಸ್ ಚಾರ್ಜ್ ಕಟ್ಟಬೇಕು. ತೀರ್ಥಹಳ್ಳಿಯ ಕಡೆ ಗೇಣಿ ಒಕ್ಕಲಾಗಿದ್ದ ನನ್ನ ಅಜ್ಜ ಈ ಏರ್ಪಾಡನ್ನು ಒಂದೇ ನಿಮಿಷದಲ್ಲಿ ಅರ್ಥ ಮಾಡಿಕೊಳ್ಳುತ್ತಿದ್ದರು. ನನಗೆ 2006ರಲ್ಲಿ ಫ್ಲ್ಯಾಟ್ ಕೊಳ್ಳುವಾಗ ಅರ್ಥವಾಗಿರಲಿಲ್ಲ. ವಕೀಲರು ಕಳುಹಿಸಿದ ಲೀಸ್ ಪತ್ರದ ಐವತ್ತು ಚಿಲ್ಲರೆ ಪುಟಗಳಲ್ಲಿ ನಾನು ಓದಿದ್ದು ನನ್ನ ಹೆಸರಿನ ಕಾಗುಣಿತ ಸರಿಯಾಗಿದೆಯೇ ಎಂಬುದನ್ನಷ್ಟೇ.

ಇಂತಹ ಲೀಸ್‌ಹೋಲ್ಡ್ ಮನೆಗಳು ಇಂಗ್ಲೆಂಡಿನಲ್ಲಿ ಐವತ್ತು ಲಕ್ಷದ ಆಸುಪಾಸಿನಲ್ಲಿವೆ, ಹೆಚ್ಚಿನವು ಫ್ಲ್ಯಾಟುಗಳೇ. ಸ್ಕಾಟ್ಲೆಂಡಿನಲ್ಲಿ ಈ ತೊಡಕಿಲ್ಲ. ಅಲ್ಲಿ ಫ್ಲ್ಯಾಟ್ ಕೊಂಡವರೇ ಅದರ ಪೂರ್ಣ ಒಡೆಯರು. ಸೂರು ಮೆಟ್ಟಿಲುಗಳ ಹಂಚಿಕೆಗೆ 2004ರ ಪ್ರತ್ಯೇಕ ಕಾಯಿದೆಯೇ ಇದೆ. ನಮ್ಮಲ್ಲಿಯೂ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯ ಆಶಯ ಅದೇ: ಫ್ಲ್ಯಾಟಿನ ಜೊತೆಗೆ ನೆಲದಲ್ಲಿ ಅವಿಭಜಿತ ಪಾಲು, ಉಸ್ತುವಾರಿಗೆ ಮಾಲೀಕರದೇ ಸಂಘ. ಬೆಂಗಳೂರಿನ ಸಂಘಗಳ ಸಭೆಗಳಲ್ಲಿ ನಡೆಯುವ ಮಹಾಭಾರತ ನನಗೆ ತಿಳಿಯದ್ದಲ್ಲ. ಆದರೂ ಅಲ್ಲಿ ಮೇಲಿನ ಮನೆಯವರ ಬಾಗಿಲು ಬಡಿದು ಜಗಳವಾದರೂ ಆಡಬಹುದು. ಇಲ್ಲಿ ಜಗಳವಾಡಬೇಕಾದವರ ವಿಳಾಸ ಹುಡುಕುವುದಕ್ಕೇ ಮೂರು ವಾರ ಹಿಡಿಯಿತು.

ಭಾನುವಾರದ ಆ ಸಂದೇಶವಾದ ನಾಲ್ಕನೆಯ ದಿನ ಪ್ಲಂಬರನ್ನು ಕಳುಹಿಸಿದೆ. ನನ್ನ ಮನೆಯೊಳಗಿನ ಕೊಳವೆಗಳೆಲ್ಲ ಒಣಗಿವೆ, ನೀರು ಮೇಲಿನಿಂದ ಇಳಿಯುತ್ತಿದೆ ಎಂದು ಹೇಳಿ ಆತ 120 ಪೌಂಡ್ ಪಡೆದು ಹೋದ. ಮ್ಯಾನೇಜಿಂಗ್ ಏಜೆಂಟರಿಗೆ ಬರೆದರೆ ಬಂದದ್ದು ಒಂದು ಮರುಪ್ರಶ್ನೆ: ಸೋರುತ್ತಿರುವುದು ಮೇಲಿನ ಫ್ಲ್ಯಾಟಿನ ಕೊಳವೆಯೋ, ಕಟ್ಟಡದ ಸಾಮಾನ್ಯ ಕೊಳವೆಯೋ? ಮೇಲಿನ ಫ್ಲ್ಯಾಟಿನದಾದರೆ ಅದು ನಿಮ್ಮಿಬ್ಬರ ನಡುವಣ ವಿಷಯ, ಸಾಮಾನ್ಯ ಕೊಳವೆಯಾದರೆ ನಮಗೆ ತಿಳಿಸಿ. ಕೇಳಲು ನ್ಯಾಯವಾದ ಪ್ರಶ್ನೆಯೇ. ಬಹುತೇಕ ಲೀಸ್ ಪತ್ರಗಳಲ್ಲಿ ಗೆರೆ ಎಳೆದಿರುವುದು ಹೀಗೆಯೇ: ಒಂದೇ ಫ್ಲ್ಯಾಟಿಗೆ ನೀರುಣಿಸುವ ಕೊಳವೆ ಆ ಫ್ಲ್ಯಾಟಿನವರದು, ಹಲವು ಫ್ಲ್ಯಾಟುಗಳಿಗೆ ಸೇರಿದ್ದು ಫ್ರೀಹೋಲ್ಡರನದು. ಆದರೆ ಗೋಡೆ ಒಡೆಯದೆ ಕೊಳವೆ ಯಾರದೆಂದು ತಿಳಿಯದು. ಕೊಳವೆ ಯಾರದೆಂದು ತಿಳಿಯದೆ ಗೋಡೆ ಒಡೆಯಲು ಯಾರೂ ಒಪ್ಪರು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂದು ನಮ್ಮೂರಿನಲ್ಲಿ ಹೇಳುವಂತೆ.

ಮೇಲಿನ ಫ್ಲ್ಯಾಟಿನಲ್ಲೂ ಬಾಡಿಗೆದಾರರೇ ಇದ್ದರು. ತಮ್ಮ ಮಾಲೀಕರು ವಿದೇಶದಲ್ಲಿದ್ದಾರೆ ಎಂಬುದಕ್ಕಿಂತ ಹೆಚ್ಚೇನೂ ಅವರಿಗೆ ಗೊತ್ತಿರಲಿಲ್ಲ. ಇಂತಹ ಸಂದರ್ಭದಲ್ಲಿ ಸರ್ಕಾರದ ಭೂನೋಂದಣಿ ಕಚೇರಿಯ ಜಾಲತಾಣದಲ್ಲಿ 7 ಪೌಂಡ್ ಕಟ್ಟಿದರೆ ಯಾವುದೇ ಫ್ಲ್ಯಾಟಿನ ಒಡೆಯರ ಹೆಸರು, ಅವರು ಕೊಟ್ಟಿರುವ ವಿಳಾಸ ದೊರೆಯುತ್ತವೆ. ಇದನ್ನು ನನಗೆ ಹೇಳಿದವರು ಏಜೆಂಟರಲ್ಲ, ಆಸ್ಪತ್ರೆಯಲ್ಲಿ ಜೊತೆಗಿರುವ ಒಬ್ಬ ಅರಿವಳಿಕೆ ತಜ್ಞರು. ಅವರ ಫ್ಲ್ಯಾಟೂ ಸೋರಿತ್ತು.

ಇಲ್ಲಿ ನಮ್ಮವರಲ್ಲಿ ಬಹುಮಂದಿಗಿರುವ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಮೇಲಿನ ಮನೆಯಿಂದ ನೀರು ಇಳಿದರೆ ನಷ್ಟವನ್ನು ಮೇಲಿನ ಮನೆಯವರು ತುಂಬಿಕೊಡಲೇಬೇಕು ಎಂದು ನಾವು ಭಾವಿಸುತ್ತೇವೆ. ಆಂಗ್ಲ ನ್ಯಾಯ ಹಾಗೆ ಹೇಳುವುದಿಲ್ಲ. ಮೆಲ್ಬರ್ನ್ ನಗರದ ಬಹುಮಹಡಿ ಕಟ್ಟಡವೊಂದರಲ್ಲಿ ಯಾರೋ ಕಿಡಿಗೇಡಿ ಮೇಲಂತಸ್ತಿನ ಕೈತೊಳೆಯುವ ಬೋಗುಣಿಯ ಕಿಂಡಿ ಮುಚ್ಚಿ, ನಲ್ಲಿ ತೆರೆದಿಟ್ಟು ಹೋದ. ಕೆಳಗಿನ ಅಂಗಡಿಯ ಸರಕೆಲ್ಲ ನೆನೆದು ಹಾಳಾಯಿತು. ಆ ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಬಂದು 1913ರಲ್ಲಿ ತೀರ್ಮಾನವಾಯಿತು. ಕಟ್ಟಡಗಳಿಗೆ ಕೊಳವೆಯಲ್ಲಿ ನೀರು ಕೊಡುವುದು ಈ ಕಾಲದ ಸಹಜ ಬಳಕೆ. ಅದು ಹರಿದುಬಂದ ಮಾತ್ರಕ್ಕೆ ಒಡೆಯ ಹೊಣೆಯಾಗುವುದಿಲ್ಲ, ಆತನ ಅಜಾಗರೂಕತೆಯನ್ನು ತೋರಿಸಬೇಕು ಎಂಬುದು ತೀರ್ಪಿನ ತಿರುಳು. ಆದ್ದರಿಂದ ಸೋರಿಕೆಯ ಸಂಗತಿಯನ್ನು ಮೇಲಿನವರಿಗೆ ಲಿಖಿತವಾಗಿ, ದಿನಾಂಕ ಹಾಕಿ ತಿಳಿಸುವುದು ಮುಖ್ಯ. ತಿಳಿದ ಮೇಲೂ ಸುಮ್ಮನಿದ್ದರೆ ಅಜಾಗರೂಕತೆಯ ವಾದಕ್ಕೆ ಬಲ ಬರುತ್ತದೆ. ಫೋನಿನಲ್ಲಿ ಎಷ್ಟು ಕೂಗಾಡಿದರೂ ಪ್ರಯೋಜನವಿಲ್ಲ.

ಇತ್ತ ನನ್ನ ಹೊಣೆಯ ಗಡಿಯಾರ ಮಾತ್ರ ಮೊದಲ ಚಿತ್ರ ಬಂದ ಕ್ಷಣದಿಂದಲೇ ಓಡತೊಡಗಿತ್ತು. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯಿದೆಯ 11ನೆಯ ಸೆಕ್ಷನ್ ಪ್ರಕಾರ, ಏಳು ವರ್ಷಕ್ಕಿಂತ ಕಡಿಮೆ ಅವಧಿಗೆ ಮನೆ ಬಾಡಿಗೆಗೆ ಕೊಟ್ಟವನು ಮನೆಯ ಕಟ್ಟೋಣವನ್ನೂ, ನೀರು, ವಿದ್ಯುತ್, ಅನಿಲ, ಶೌಚ, ಬಿಸಿಯ ವ್ಯವಸ್ಥೆಗಳನ್ನೂ ಸುಸ್ಥಿತಿಯಲ್ಲಿಡಬೇಕು. ಬಾಡಿಗೆ ಕರಾರಿನಲ್ಲಿ ಬೇರೆ ಏನು ಬರೆದುಕೊಂಡರೂ ಈ ಹೊಣೆ ತಪ್ಪದು. 2018ರ ಇನ್ನೊಂದು ಕಾಯಿದೆ ಮನೆ ಮನುಷ್ಯವಾಸಕ್ಕೆ ತಕ್ಕದ್ದಾಗಿರಬೇಕೆಂಬ ಕಟ್ಟಳೆಯನ್ನೂ ಸೇರಿಸಿತು. ದೋಷವನ್ನು ಮಾಲೀಕನಿಗೆ ತಿಳಿಸಿದ ಮೇಲೆ ಹೊಣೆ ಆರಂಭವಾಗುತ್ತದೆ ಎಂಬುದು ಹಳೆಯ ನಿಯಮ. 2016ರಲ್ಲಿ ಇಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ನನ್ನಂತಹ ಲೀಸ್‌ದಾರ ಮಾಲೀಕರ ವಿಷಯದಲ್ಲಿಯೂ ಎತ್ತಿಹಿಡಿಯಿತು. ಬಾಡಿಗೆದಾರರೊಬ್ಬರು ಕಸದ ಡಬ್ಬಿಯ ಕಡೆ ನಡೆಯುವಾಗ ಮೇಲೆದ್ದ ಹಾಸುಗಲ್ಲನ್ನು ಎಡವಿ ಬಿದ್ದ ಮೊಕದ್ದಮೆ ಅದು. ಆ ದಾರಿ ಕಟ್ಟಡದ ಹೊರಭಾಗಕ್ಕೆ ಸೇರಿದ್ದಲ್ಲ, ದೋಷದ ಸುದ್ದಿಯೂ ಮಾಲೀಕನಿಗೆ ಮುಟ್ಟಿರಲಿಲ್ಲ ಎಂಬ ಕಾರಣಗಳಿಂದ ಆತ ಪಾರಾದ. ನನಗೆ ಸುದ್ದಿ ಮುಟ್ಟಿತ್ತು, ಚಿತ್ರಸಮೇತ.

ಈ ಕಾಯಿದೆಯ ಒಳಗೆ ಹೆಚ್ಚು ಮಂದಿ ಓದದ ಒಂದು ಉಪಸೆಕ್ಷನ್ ಇದೆ. ದುರಸ್ತಿ ಮಾಡಬೇಕಾದ ಜಾಗ ಫ್ಲ್ಯಾಟಿನ ಹೊರಗಿದ್ದು, ಅಲ್ಲಿ ಕೈಯಿಡಲು ಮಾಲೀಕನಿಗೆ ಹಕ್ಕಿಲ್ಲದಿದ್ದರೆ, ಆ ಹಕ್ಕನ್ನು ಪಡೆಯಲು ತಾನು ಸಾಧ್ಯವಾದ ಯುಕ್ತ ಪ್ರಯತ್ನವನ್ನೆಲ್ಲ ಮಾಡಿದೆ, ಆದರೂ ದೊರೆಯಲಿಲ್ಲ ಎಂದು ತೋರಿಸಿದರೆ ಅದೊಂದು ರಕ್ಷಣೆ. ಕಾನೂನು ಮಾಡಿದವರಿಗೆ ಈ ಇಕ್ಕಟ್ಟು ಗೊತ್ತಿತ್ತು ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಈ ರಕ್ಷಣೆಯನ್ನು ಸ್ವಲ್ಪ ತಿರುಗಿಸಿ ನೋಡಿ. ಮಾಲೀಕನಾದ ನಾನು ಇಪ್ಪತ್ತು ಇ-ಮೇಲುಗಳನ್ನು ಬರೆದು ನ್ಯಾಯಾಲಯದಲ್ಲಿ ಪಾರಾಗಬಹುದು. ಆ ಇಪ್ಪತ್ತು ಇ-ಮೇಲುಗಳು ಮಗುವಿನ ಕೋಣೆಯ ಗೋಡೆಯನ್ನು ಒಣಗಿಸುವುದಿಲ್ಲ.

ಗೋಡೆ ಒಣಗದಿದ್ದರೆ ಏನಾಗಬಹುದು ಎಂಬುದನ್ನು ಈ ದೇಶ ಅತ್ಯಂತ ಘೋರ ರೀತಿಯಲ್ಲಿ ಕಲಿತಿದೆ. ರೋಚ್‌ಡೇಲ್ ಪಟ್ಟಣದ ಸಾಮಾಜಿಕ ವಸತಿ ಫ್ಲ್ಯಾಟಿನಲ್ಲಿದ್ದ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಮನೆಯ ಬೂಸ್ಟಿಗೆ ದೀರ್ಘಕಾಲ ಒಡ್ಡಿಕೊಂಡದ್ದರಿಂದ ಉಂಟಾದ ತೀವ್ರ ಶ್ವಾಸಕೋಶದ ಕಾಯಿಲೆಯೇ ಸಾವಿಗೆ ಕಾರಣವೆಂದು 2022ರ ನವೆಂಬರಿನಲ್ಲಿ ಮರಣವಿಚಾರಣಾಧಿಕಾರಿ ತೀರ್ಮಾನಿಸಿದರು. ಸುಡಾನಿನಿಂದ ಬಂದ ಆ ತಂದೆ ತಾಯಿ ದೂರು ಕೊಟ್ಟಾಗ ಬೂಸ್ಟಿನ ಮೇಲೆ ಬಣ್ಣ ಬಳಿಯಲು ಹೇಳಲಾಗಿತ್ತು. ಅವರ ಜೀವನಶೈಲಿಯೇ ತೇವಕ್ಕೆ ಕಾರಣವೆಂದು ಊಹಿಸಲಾಗಿತ್ತು. ವರದಿ ಹೊರಬಂದ ದಿನಗಳಲ್ಲಿ ನಮ್ಮ ಚಿಕಿತ್ಸಾಲಯದಲ್ಲಿ ಅದರ ಮಾತೇ ಮಾತು. ಕಿಟಕಿ ತೆರೆದಿಡಿ ಎಂದು ನಾನು ಟೈಪಿಸುವಾಗ ಅದು ನೆನಪಾಗಲಿಲ್ಲ. ಮಾಲೀಕನ ಕುರ್ಚಿಯಲ್ಲಿ ಕುಳಿತ ಕೂಡಲೇ ವೈದ್ಯನಿಗೂ ಮರೆವು ಬರುತ್ತದೆ.

ಆ ಮಗುವಿನ ಹೆಸರಿನಲ್ಲಿಯೇ 'ಅವಾಬ್ ಕಾನೂನು' ಬಂದಿದೆ. 2025ರ ಅಕ್ಟೋಬರ್ 27ರಿಂದ ಸಾಮಾಜಿಕ ವಸತಿ ಸಂಸ್ಥೆಗಳಿಗೆ ಅದು ಅನ್ವಯಿಸುತ್ತಿದೆ. ತುರ್ತು ಅಪಾಯವಿದ್ದರೆ 24 ಗಂಟೆಗಳೊಳಗೆ ಸರಿಪಡಿಸಬೇಕು. ಗಣನೀಯ ಪ್ರಮಾಣದ ತೇವ, ಬೂಸ್ಟು ಇದ್ದರೆ 10 ಕೆಲಸದ ದಿನಗಳಲ್ಲಿ ತನಿಖೆ ಮುಗಿಸಬೇಕು, ಆಮೇಲಿನ 5 ಕೆಲಸದ ದಿನಗಳಲ್ಲಿ ಮನೆಯನ್ನು ಅಪಾಯಮುಕ್ತಗೊಳಿಸಬೇಕು. ಇದನ್ನು ಖಾಸಗಿ ಬಾಡಿಗೆ ಮನೆಗಳಿಗೂ ವಿಸ್ತರಿಸುವ ಅಧಿಕಾರವನ್ನು ಬಾಡಿಗೆದಾರರ ಹಕ್ಕುಗಳ ಕಾಯಿದೆ ಸರ್ಕಾರಕ್ಕೆ ಕೊಟ್ಟಿದೆ. ವಿವರವಾದ ನಿಯಮಗಳು ಇನ್ನಷ್ಟೇ ಬರಬೇಕಿವೆ. ಬರಲಿ, ಬೇಗ ಬರಲಿ ಎಂಬುದೇ ನನ್ನ ಅಭಿಪ್ರಾಯ. ಮಾಲೀಕರ ಸಂಘಟನೆಗಳ ಗೊಣಗಾಟಕ್ಕೆ ನಾನು ದನಿಗೂಡಿಸಲಾರೆ.

ಆದರೆ ಈ ಗಡಿಯಾರವನ್ನು ಕಟ್ಟುವುದು ಯಾರ ಮಣಿಕಟ್ಟಿಗೆ? ಬಾಡಿಗೆದಾರರಿಗೆ ಅತ್ಯಂತ ಹತ್ತಿರದಲ್ಲಿರುವ ಮಾಲೀಕನಿಗೆ. ಅದು ಸರಿಯೇ, ಬಾಡಿಗೆ ಪಡೆಯುವವನು ಆತ. ಆದರೆ ಲೀಸ್‌ಹೋಲ್ಡ್ ಕಟ್ಟಡದಲ್ಲಿ ಗೋಡೆಯೊಳಗಿನ ಮುಖ್ಯ ಕೊಳವೆಯನ್ನು ಮುಟ್ಟುವ ಅಧಿಕಾರ ಆತನಿಗಿಲ್ಲ. ಅಧಿಕಾರವಿರುವ ಫ್ರೀಹೋಲ್ಡರನಿಗೂ, ಆತನ ಏಜೆಂಟರಿಗೂ ಇಷ್ಟು ದಿನಗಳೊಳಗೆ ಉತ್ತರಿಸಬೇಕೆಂಬ ಅಂತಹ ಕಟ್ಟಳೆಯಿಲ್ಲ. ಲೀಸ್ ಪತ್ರದಲ್ಲಿ ಬರೆದಿರುವ ದುರಸ್ತಿಯ ಮಾತನ್ನು ಅವರು ಮುರಿದರೆ ನ್ಯಾಯಾಲಯಕ್ಕೆ ಹೋಗಬಹುದು, ಅಷ್ಟೆ. ಅದಕ್ಕೆ ವರ್ಷಗಳು ಬೇಕು. ಹೊಣೆ ಒಂದೊಂದೇ ಮೆಟ್ಟಿಲು ಕೆಳಗಿಳಿದಿದೆ, ಅಧಿಕಾರ ಮೇಲೆಯೇ ಕುಳಿತಿದೆ. ಕೆಳಗಿನ ಗಡಿಯಾರಕ್ಕೆ 10 ದಿನವೆಂದು ಗೊತ್ತುಮಾಡುವಾಗ, ಅದೇ ನಿಯಮದಲ್ಲಿ ಮೇಲಿನವರಿಗೂ 3 ದಿನದ ಒಂದು ಗಡಿಯಾರವನ್ನು ಕಟ್ಟಬೇಕು: ಸೋರಿಕೆಯ ಲಿಖಿತ ದೂರು ಬಂದ ಮೂರು ಕೆಲಸದ ದಿನಗಳಲ್ಲಿ ಕಟ್ಟಡದ ಉಸ್ತುವಾರಿಗಳು ಬಂದು ನೋಡಬೇಕು, ಇಲ್ಲವೇ ಗೋಡೆ ತೆರೆಯಲು ಲೀಸ್‌ದಾರನಿಗೆ ಅನುಮತಿ ದೊರೆತಂತೆಯೇ ಎಂದು ಎಣಿಸಬೇಕು. ಇದು ನನ್ನ ಸಲಹೆ. ನಮ್ಮ ಕ್ಷೇತ್ರದ ಸಂಸತ್ಸದಸ್ಯರಿಗೂ ಬರೆದಿದ್ದೇನೆ.

ಕೊನೆಗೆ ನಮ್ಮ ಕಟ್ಟಡದಲ್ಲಿ ಏನಾಯಿತು? ಆರನೆಯ ವಾರ ಬೇಸತ್ತು, ನಾನೇ 540 ಪೌಂಡ್ ಕೊಟ್ಟು ಸೋರಿಕೆ ಪತ್ತೆ ಮಾಡುವವರನ್ನು ಕರೆಸಿದೆ. ಅವರು ಉಷ್ಣ ಕ್ಯಾಮೆರಾ ಹಿಡಿದು, ಮೇಲಿನ ಬಾಡಿಗೆದಾರರ ಒಪ್ಪಿಗೆಯಿಂದ ಅಲ್ಲಿಯೂ ನೋಡಿ, ಸೋರುತ್ತಿರುವುದು ನಾಲ್ಕು ಅಂತಸ್ತುಗಳಿಗೂ ತಣ್ಣೀರು ಒಯ್ಯುವ ಲಂಬ ಕೊಳವೆಯ ಕೀಲು ಎಂದು ಬರೆದುಕೊಟ್ಟರು. ವೈದ್ಯಕೀಯದಲ್ಲಿ ಆದಂತೆಯೇ, ಸ್ಕ್ಯಾನ್ ವರದಿ ಕೈಗೆ ಬಂದ ಮೇಲೆ ಎಲ್ಲರಿಗೂ ಕಣ್ಣು ಬಂದಿತು. ದುರಸ್ತಿ ಮುಗಿದಾಗ ಹನ್ನೊಂದನೆಯ ವಾರ. ಅದುವರೆಗೆ ಆ ಮನೆಯಲ್ಲಿ ತೇವ ಹೀರುವ ಯಂತ್ರ ಹಗಲಿರುಳು ಗುಂಯ್‌ಗುಡುತ್ತಿತ್ತು. ಅದರ ಬಾಡಿಗೆ, ವಿದ್ಯುತ್ ಸೇರಿ 160 ಪೌಂಡ್ ಕೊಟ್ಟೆ. ಮನೆ ಬಾಡಿಗೆಯಲ್ಲಿ 500 ಪೌಂಡ್ ಬಿಟ್ಟುಕೊಟ್ಟೆ, ಅವರು ಕೇಳಿರಲಿಲ್ಲ. ವೀಸಾ ಮೇಲೆ ಬಂದ ಹೊಸಬರು ಏನನ್ನೂ ಕೇಳುವುದಿಲ್ಲ. 2002ರಲ್ಲಿ ಬಂದಿಳಿದಾಗ ಆಸ್ಪತ್ರೆಯ ವಸತಿಗೃಹದ ಕೆಟ್ಟ ಹೀಟರಿನ ಬಗ್ಗೆ ನಾನೂ ಒಂದು ಚಳಿಗಾಲವಿಡೀ ಯಾರಿಗೂ ಹೇಳಿರಲಿಲ್ಲ. ಮಗುವನ್ನು ಅವರು ಮಲಗುವ ಕೋಣೆಯಿಂದ ಹೊರಕೋಣೆಗೆ ಸ್ಥಳಾಂತರಿಸಿದರು. ಫೆಬ್ರವರಿಯ ಹೊತ್ತಿಗೆ ಕೆಮ್ಮು ನಿಂತಿತು. ತೇವದಿಂದಲೇ ಬಂದ ಕೆಮ್ಮೋ, ಚಳಿಗಾಲದಲ್ಲಿ ಎಲ್ಲ ಮಕ್ಕಳಿಗೂ ಬರುವ ವೈರಸ್ಸೋ, ಹೇಳುವಂತಿಲ್ಲ. ವೃತ್ತಿಯಲ್ಲಿ ಇಂತಹ ಅನಿಶ್ಚಯದೊಡನೆ ಬದುಕುವುದು ರೂಢಿಯಾಗಿದೆ. ಆದರೆ ಮನೆ ನನ್ನದಾಗಿದ್ದಾಗ ಅದರ ಭಾರವೇ ಬೇರೆ.

ವಿಮೆಯ ಕಥೆಯನ್ನೂ ಹೇಳಬೇಕು. ಕಟ್ಟಡದ ವಿಮೆ ಮಾಡಿಸುವವನು ಫ್ರೀಹೋಲ್ಡರ್, ಕಂತು ಕಟ್ಟುವವರು ನಾವು. ನೀರಿನ ಸೋರಿಕೆಯಿಂದಾದ ಹಾನಿಗೆ, ಸೋರಿಕೆಯನ್ನು ಹುಡುಕಿ ತೆರೆಯುವ ವೆಚ್ಚಕ್ಕೆ ಸಾಮಾನ್ಯವಾಗಿ ವಿಮೆಯಲ್ಲಿ ಅವಕಾಶವಿರುತ್ತದೆ. ಕೆಟ್ಟ ಕೊಳವೆಯನ್ನು ಸರಿಮಾಡುವ ಖರ್ಚು ಮಾತ್ರ ಅದರೊಳಗೆ ಬರುವುದಿಲ್ಲ. ಛಾವಣಿಯ ಹಲಗೆ ಬದಲಿಸಿ, ಬೂಸ್ಟು ತೆಗೆದು, ಬಣ್ಣ ಬಳಿಯಲು ತಗುಲಿದ್ದು 1,450. ಪತ್ತೆಯ 540 ಸೇರಿ 1,990 ಪೌಂಡ್. ಹಿಂದೆಯೂ ಹಲವು ಸೋರಿಕೆಗಳು ಆಗಿದ್ದರಿಂದ ನಮ್ಮ ಕಟ್ಟಡದ ವಿಮೆಯಲ್ಲಿ ಮೊದಲ 1,000 ಪೌಂಡನ್ನು ನಾವೇ ಭರಿಸಬೇಕೆಂಬ ಷರತ್ತಿತ್ತು. ಕೈಗೆ ಬಂದದ್ದು 990. ವಿಮೆಯ ಈ ಮೊದಲ ಪಾಲನ್ನು ಹಾನಿಗೊಳಗಾದವರು ಹೊರಬೇಕೋ, ಎಲ್ಲರೂ ಹಂಚಿಕೊಳ್ಳಬೇಕೋ ಎಂಬುದು ಆಯಾ ಲೀಸ್ ಪತ್ರವನ್ನು ಅವಲಂಬಿಸಿದೆ. ಓದಿ ನೋಡದೆ ಸಹಿ ಹಾಕಿದವನು ಕೇಳುವುದೇನು?

ಇನ್ನು ಲಂಬ ಕೊಳವೆಯ ದುರಸ್ತಿ. ಅದು ಫ್ರೀಹೋಲ್ಡರನ ಹೊಣೆ ಎಂದು ಸಾಬೀತಾದಾಗ ನಾನು ಗೆದ್ದೆನೆಂದೇ ಭಾವಿಸಿದ್ದೆ. ಮಾರ್ಚಿನ ಸರ್ವಿಸ್ ಚಾರ್ಜ್ ಬೇಡಿಕೆ ಪತ್ರ ಬಂದಾಗ ಅರ್ಥವಾಯಿತು: ಹೊಣೆ ಅವರದು, ಹಣ ನಮ್ಮದು. 5,200 ಪೌಂಡ್ ವೆಚ್ಚವನ್ನು 24 ಫ್ಲ್ಯಾಟುಗಳಿಗೆ ಹಂಚಿದರೆ ತಲಾ 217. ಈ ಸಂಖ್ಯೆಗೂ ಒಂದು ಗುಟ್ಟಿದೆ. ಯಾವುದೇ ಒಬ್ಬ ಲೀಸ್‌ದಾರನ ಪಾಲಿಗೆ 250 ಪೌಂಡ್ ಮೀರಿದ ಕೆಲಸಕ್ಕೆ ಮಾತ್ರ ಮುಂಚಿತವಾಗಿ ನಮ್ಮನ್ನು ಕೇಳಿ, ಅಂದಾಜು ಪಟ್ಟಿಗಳನ್ನು ತೋರಿಸಬೇಕೆಂದು 20ನೆಯ ಸೆಕ್ಷನ್ ಹೇಳುತ್ತದೆ. 2003ರಿಂದ ಆ ಮಿತಿ ಬದಲಾಗಿಲ್ಲ. ಅದರ ಕೆಳಗಿದ್ದರೆ ಕೇಳುವ ಅಗತ್ಯವಿಲ್ಲ. ದರ ಅತಿಯೆನಿಸಿದರೆ ಆಸ್ತಿ ನ್ಯಾಯಮಂಡಳಿಗೆ ಹೋಗಿ ಖರ್ಚು ಯುಕ್ತವೇ ಎಂದು ಪ್ರಶ್ನಿಸಬಹುದು. ಸಿಟ್ಟಿನಿಂದ ಸರ್ವಿಸ್ ಚಾರ್ಜ್ ಕಟ್ಟುವುದನ್ನೇ ನಿಲ್ಲಿಸುವವರಿದ್ದಾರೆ, ಅದು ಬೇಡ. ಬಾಕಿ ಬೆಳೆದರೆ ಲೀಸನ್ನೇ ರದ್ದುಪಡಿಸಲು ಕೇಳುವ ಹಕ್ಕು ಇಂದಿಗೂ ಫ್ರೀಹೋಲ್ಡರನಿಗಿದೆ. ಆಕ್ಷೇಪಣೆಯನ್ನು ಬರೆದು ತಿಳಿಸಿ, ಹಣ ಕಟ್ಟಿ, ಆಮೇಲೆ ನ್ಯಾಯಮಂಡಳಿಯ ಬಾಗಿಲು ತಟ್ಟುವುದೇ ಸುರಕ್ಷಿತ. ಒಟ್ಟಿನಲ್ಲಿ ವಿಮೆಯ ಹಣ ಕಳೆದು, ಕೊಳವೆಯ ಪಾಲು ಕೂಡಿಸಿ, ಒಂದು ಕೀಲಿನ ಸೋರಿಕೆಗೆ ನನಗಾದ ಖರ್ಚು 1,997 ಪೌಂಡ್. ನನಗೆ ಬರುವ ಎರಡು ತಿಂಗಳ ಬಾಡಿಗೆ.

ಬೆಂಗಳೂರಿಗೆ ಮರಳಿರುವ, ಇಲ್ಲಿ ಫ್ಲ್ಯಾಟ್ ಉಳಿಸಿಕೊಂಡಿರುವ ಸ್ನೇಹಿತರು ಹಲವರಿದ್ದಾರೆ. ಅವರ ಸ್ಥಿತಿ ನನಗಿಂತ ಕಷ್ಟ. ಮಾಲೀಕ ವಿದೇಶದಲ್ಲಿದ್ದರೆ, ಇಲ್ಲಿನ ತೆರಿಗೆ ಇಲಾಖೆಯ ಒಪ್ಪಿಗೆಪತ್ರವಿಲ್ಲದಿದ್ದಲ್ಲಿ, ಬಾಡಿಗೆ ಏಜೆಂಟರು ಶೇ. 20ರಷ್ಟು ತೆರಿಗೆಯನ್ನು ಮೊದಲೇ ಮುರಿದುಕೊಂಡು ಉಳಿದದ್ದನ್ನು ಕಳುಹಿಸುತ್ತಾರೆ. ದುರಸ್ತಿಯ ಖರ್ಚನ್ನು ಬಾಡಿಗೆ ಆದಾಯದಿಂದ ಕಳೆಯಬಹುದು. ಹಳೆಯದರ ಬದಲು ಹೆಚ್ಚು ಬೆಲೆಬಾಳುವ ಹೊಸ ವ್ಯವಸ್ಥೆ ಹಾಕಿಸಿದರೆ ಅದು ಸುಧಾರಣೆ ಎನಿಸಿ ಆ ಸೌಲಭ್ಯ ತಪ್ಪುತ್ತದೆ. ಏಜೆಂಟರಿಗೆ ಇಷ್ಟು ಪೌಂಡ್‌ವರೆಗಿನ ತುರ್ತು ಕೆಲಸವನ್ನು ನನ್ನನ್ನು ಕೇಳದೆ ಮಾಡಿಸಿ ಎಂದು ಬರೆದುಕೊಟ್ಟಿಡುವುದು ಒಳ್ಳೆಯದು. ಬೆಂಗಳೂರಿನಲ್ಲಿ ಬೆಳಗಾಗುವಾಗ ಇಲ್ಲಿ ನಡುರಾತ್ರಿ. ಮಧ್ಯಾಹ್ನ ಇಲ್ಲಿ ಒಡೆದ ಕೊಳವೆಯ ಸುದ್ದಿ ಅವರಿಗೆ ಮುಟ್ಟುವ ಹೊತ್ತಿಗೆ ಅಲ್ಲಿನ ಬ್ಯಾಂಕು ಮುಚ್ಚಿರುತ್ತದೆ.

ಹಾಗಾದರೆ ಜನವರಿಯ ಕರಡು ಮಸೂದೆ ಏನು ಕೊಡುತ್ತದೆ? ನೆಲಬಾಡಿಗೆಗೆ ವರ್ಷಕ್ಕೆ 250 ಪೌಂಡಿನ ಮಿತಿ, ಹೊಸ ಫ್ಲ್ಯಾಟುಗಳನ್ನು ಲೀಸ್‌ಹೋಲ್ಡಾಗಿ ಮಾರುವುದಕ್ಕೆ ತಡೆ, ಆ ಜಾಗದಲ್ಲಿ ಮಾಲೀಕರೇ ಕಟ್ಟಡದ ಒಡೆಯರಾಗುವ 'ಕಾಮನ್‌ಹೋಲ್ಡ್'. ಒಳ್ಳೆಯ ಪದ. ಆದರೆ 2002ರ ಕಾಯಿದೆಯಲ್ಲಿಯೇ ಇದ್ದ ಪದ. ಇಷ್ಟು ವರ್ಷಗಳಲ್ಲಿ ಕಾಮನ್‌ಹೋಲ್ಡ್ ಆಗಿ ಬೆಳೆದ ಕಟ್ಟಡ ಸಮುಚ್ಚಯಗಳು ಇಪ್ಪತ್ತನ್ನೂ ಮುಟ್ಟಿಲ್ಲ. 2024ರ ಲೀಸ್‌ಹೋಲ್ಡ್ ಸುಧಾರಣಾ ಕಾಯಿದೆಯ ಹಲವು ಕಲಮುಗಳೇ ಇನ್ನೂ ಜಾರಿಯಾಗದೆ ಕುಳಿತಿವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ವೆಸ್ಟ್‌ಮಿನ್‌ಸ್ಟರಿಗೂ ಸಲ್ಲುತ್ತದೆ. ಈಗಾಗಲೇ ಲೀಸಿನಲ್ಲಿರುವ ಲಕ್ಷಾಂತರ ಮನೆಗಳ ಗೋಡೆಯೊಳಗಿನ ಕೊಳವೆಗೆ ನೆಲಬಾಡಿಗೆಯ ಮಿತಿಯಿಂದ ಏನೂ ಆಗದು.

ಸದ್ಯಕ್ಕೆ ನಮ್ಮ ಕೈಯಲ್ಲಿರುವುದು 'ನಿರ್ವಹಣೆಯ ಹಕ್ಕು'. ಫ್ರೀಹೋಲ್ಡನ್ನು ಕೊಳ್ಳದೆಯೇ, ಯಾರ ತಪ್ಪನ್ನೂ ಸಾಬೀತುಪಡಿಸದೆಯೇ, ಲೀಸ್‌ದಾರರು ಸೇರಿ ಒಂದು ಕಂಪನಿ ಮಾಡಿಕೊಂಡು ಕಟ್ಟಡದ ಉಸ್ತುವಾರಿಯನ್ನು ಕೈಗೆ ತೆಗೆದುಕೊಳ್ಳಬಹುದು. ಒಟ್ಟು ಫ್ಲ್ಯಾಟುಗಳಲ್ಲಿ ಅರ್ಧದಷ್ಟಾದರೂ ಸೇರಬೇಕು. ನಮ್ಮ ಕಟ್ಟಡದಲ್ಲಿ 12 ಬೇಕು. ನೆಲ ಅಂತಸ್ತಿನ ನಿವೃತ್ತ ಶಿಕ್ಷಕಿಯೊಬ್ಬರು ಮುಂದಾಳಾಗಿ, ನಾನು ಗುಮಾಸ್ತನಾಗಿ ಫೆಬ್ರವರಿಯಿಂದ ತಿರುಗುತ್ತಿದ್ದೇವೆ. ತಾವು ಬಾಡಿಗೆಗೆ ಕೊಟ್ಟಿರುವ ಮನೆಯಲ್ಲಿ ಕೊನೆಯ ಸಲ ಕಾಲಿಟ್ಟದ್ದು ಯಾವಾಗ ಎಂದು ಕೆಲವರಿಗೆ ನೆನಪಿಲ್ಲ. ಇಬ್ಬರು ಸಿಂಗಪುರದಲ್ಲಿದ್ದಾರೆ, ಒಬ್ಬರು ಮೈಸೂರಿನ ಕುವೆಂಪುನಗರದಲ್ಲಿ. ಅವರು ಕನ್ನಡದಲ್ಲಿಯೇ ಮಾತನಾಡಿ, ನಮ್ಮ ಮಾತು ಮುಗಿಯುವ ಮೊದಲೇ ಒಪ್ಪಿದರು. ಇದುವರೆಗೆ ಒಂಬತ್ತು ಸಹಿಗಳಾಗಿವೆ. ನಮ್ಮ ಮೇಲಿನ ಫ್ಲ್ಯಾಟಿನ ಒಡೆಯರಿಗೆ, ಭೂನೋಂದಣಿಯಲ್ಲಿ ದೊರೆತ ವಿಳಾಸಕ್ಕೆ, ಮೂರನೆಯ ಪತ್ರವನ್ನು ನಿನ್ನೆ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿ ಬಂದಿದ್ದೇನೆ.